ಕಂದಾಯ ಹಾಕಿ ಎಂದು ಹಠ ಹಿಡಿದ ಬೀದಿ

ಊರ ಉಸಾಬರಿಗೆ ಇಳಿದವನಿಗೆ ನಗುವುದಕ್ಕೆ ಬೇರೆ ಕಾರಣ ಹುಡುಕುವ ಕಷ್ಟವಿಲ್ಲ. ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದ ಮೇಲೂ ನಾನು ಒಂದು ಸಭೆಯನ್ನೂ ಬಿಟ್ಟವನಲ್ಲ. ಆದರೆ ಕೊಡಗು ತಾನೇ ಒಂದು ರಾಜ್ಯವಾಗಿದ್ದ ದಿನಗಳಲ್ಲಿ ಕಂಡದ್ದರ ಮುಂದೆ ಈಗಿನವೆಲ್ಲ ಸಪ್ಪೆ!

ಸೋಮವಾರಪೇಟೆ ಕಡೆಯ ನಮ್ಮ ಪುಟ್ಟ ಪೇಟೆಯಲ್ಲಿ, ಸಂತೆಮಾಳದ ಹಿಂದೆ, ಹದಿನೇಳು ಮನೆಗಳ ಒಂದು ಸಾಲು. ಹೆಚ್ಚಿನವರು ಕಾಫಿ ತೋಟದ ಕೂಲಿಗಳು. ಅವರನ್ನು ಎಬ್ಬಿಸಿ ಅಲ್ಲಿ ಬಸ್ ಸ್ಟ್ಯಾಂಡ್ ಮಾಡಬೇಕೆಂದು ಪಂಚಾಯಿತಿಯ ಹುಮ್ಮಸ್ಸು. "ಕಂದಾಯದ ಪುಸ್ತಕದಲ್ಲಿ ಆ ಸಾಲೇ ಇಲ್ಲ. ಇಲ್ಲದ ಮನೆ ಕೆಡವೋಕೆ ಯಾರನ್ನು ಕೇಳಬೇಕು?" ಎಂದುಬಿಟ್ಟರು ಪಂಚಾಯಿತಿ ಅಧ್ಯಕ್ಷರು. ಸಾಲಿನವರು ಸಮಿತಿ ಕಟ್ಟಿದರು. ಮುಂದಾಳು ಸಂತೆಯಲ್ಲಿ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಮಾರುತ್ತಿದ್ದ ಒಬ್ಬ ಅಜ್ಜಿ. ಬಿ.ಎ. ಓದಿದವನೆಂಬ ತಪ್ಪಿಗೆ ನಾನು ಕಾರ್ಯದರ್ಶಿ!

ಎರಡು ಮೆರವಣಿಗೆ

ಕಂದಾಯದ ರಸೀತಿ ಇದ್ದರೆ ತಾನೇ ಮನೆ ಉಳಿಯುವುದು? ಸರಿ, "ಕಂದಾಯ ಹಾಕಿ! ಕಂದಾಯ ಹಾಕಿ!" ಎಂದು ಕೂಗುತ್ತ ಹೊರಟೆವು. ಚೌಕ ಮುಟ್ಟಿದರೆ ಎದುರಿನಿಂದ ಇನ್ನೊಂದು ಮೆರವಣಿಗೆ. ದೊಡ್ಡ ಬೀದಿಯವರದು. "ಕಂದಾಯ ಇಳಿಸಿ!"

ಮುಂದಿದ್ದ ಸಾಹುಕಾರರು, ಪಂಚಾಯಿತಿ ಸದಸ್ಯರು ಬೇರೆ, ನನ್ನನ್ನು ನೋಡಿ, "ಏನ್ ಮೇಷ್ಟ್ರೇ, ತಲೆ ಗಿಲೆ ಕೆಟ್ಟಿದೆಯಾ? ಕಂದಾಯ ಹಾಕಿಸ್ಕೊಳ್ಳೋಕೂ ಮೆರವಣಿಗೆಯಾ?" ಎಂದರು.

ಅಜ್ಜಿ ಬಿಟ್ಟಾಳೆಯೇ? "ನಿಮಗೆ ಭಾರ ಆದ್ದನ್ನ ಇತ್ತ ಕೊಡಿ ಸಾವ್ಕಾರ್ರೇ, ನಾವು ಹೊತ್ಕೋತೀವಿ."

ನೂಕುನುಗ್ಗಲು ಶುರುವಾಯಿತು. ಊರಿಗೆ ಒಬ್ಬನೇ ಪೊಲೀಸಿನವನು. ಪಂಚಾಯಿತಿ ಕಚೇರಿಯ ಜಗಲಿಯಿಂದ ಅಧ್ಯಕ್ಷರು, "ಆ ಅಜ್ಜಿ ಕಡೆಯೋರನ್ನ ಓಡಿಸಯ್ಯ!" ಎಂದು ಕೂಗಿದರು.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೆಂಗೆ ಸಾರ್? ಕಂದಾಯ ಕೊಡ್ತೀನಿ ಅಂದೋರ ಮೇಲೆ ಹಾಕೋಕೆ ನಮ್ಮ ಹತ್ರ ಸೆಕ್ಷನ್ನೇ ಇಲ್ವಲ್ಲ!"

ಹೆಬ್ಬೆಟ್ಟು

ಆಮೇಲೆ ಮೇಲಧಿಕಾರಿಗಳಿಗೆ ಮನವಿ ಬರೆದೆ. ನಾಲ್ಕು ಪುಟ! ಸಾಲಿನವರನ್ನೆಲ್ಲ ಕೂರಿಸಿ, ನನ್ನ ಭಾಷೆಗೆ ನಾನೇ ಮರುಳಾಗುತ್ತ ಓದಿದೆ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಒತ್ತಿದವರು ಮನೆಗೆ ಹೋಗಬೇಕಲ್ಲ? ಒಬ್ಬರೂ ಕದಲಲಿಲ್ಲ. ನನ್ನ ಬರವಣಿಗೆ ಎದೆಗೆ ನಾಟಿದೆ ಎಂದುಕೊಂಡು, "ಇನ್ನೊಂದು ಸಲ ಓದಲೇ?" ಎಂದೆ.

ಅಜ್ಜಿ ಹತ್ತಿರ ಬಂದು ಪಿಸುಗುಟ್ಟಿದಳು: "ಅದಲ್ಲ ಮೇಷ್ಟ್ರೇ, ಬಟವಾಡೆ ಯಾವಾಗ ಅಂತ ಕಾಯ್ತಾವ್ರೆ."

ತೋಟದಲ್ಲಿ ಅವರು ಹೆಬ್ಬೆಟ್ಟು ಒತ್ತುವುದು ವಾರದ ಕೂಲಿ ಹಂಚುವಾಗ, ಲೆಕ್ಕ ಬರೆಯುವ ರೈಟರ್ ಮುಂದೆ ಮಾತ್ರ. ಒತ್ತಿದ ಕೂಡಲೇ ಕೈಗೆ ಕಾಸು. ಇದು ಕೊಡುವ ಕಾಗದವಲ್ಲ, ಕೇಳುವ ಕಾಗದ ಎಂದು ವಿವರಿಸುವಷ್ಟರಲ್ಲಿ ನನಗೆ ಬೆವರಿಳಿಯಿತು.

ಹಿಂದಿನಿಂದ ಒಬ್ಬಾಕೆ, "ಮೊದ್ಲೇ ಹೇಳೋದಲ್ವಾ! ಕೇಳೋಕಾದ್ರೆ ಬಾಯೇ ಸಾಕಿತ್ತು, ಬೆರಳಿಗ್ಯಾಕೆ ಮಸಿ ಬಳಿದ್ರಿ?" ಎಂದಳು.

ಹುತ್ತರಿ

ಮನವಿ ಕೆಲಸ ಮಾಡಿತು! ಕಂದಾಯದ ಇನ್ಸ್‌ಪೆಕ್ಟರು ಬಂದು ಹದಿನೇಳು ಬಾಗಿಲಿಗೂ ಸುಣ್ಣದಲ್ಲಿ ನಂಬರು ಬರೆದರು. ಬಯಲುಸೀಮೆಯಿಂದ ಹೊಸದಾಗಿ ಬಂದವರು, ಬಹಳ ಶಿಸ್ತು. "ಮುಂದಿನ ವಾರ ಬಂದು ಪುಸ್ತಕಕ್ಕೆ ಏರಿಸ್ತೇನೆ" ಎಂದು ಹೋದರು.

ನಡುವೆ ಹುತ್ತರಿ ಬಂತು. ಹೊಸ ಭತ್ತದ ಕದಿರು ಮನೆ ತುಂಬುವ ಹಬ್ಬ. ಇನ್ಸ್‌ಪೆಕ್ಟರು ತಿರುಗಿ ಬಂದಾಗ ಹದಿನೇಳು ಬಾಗಿಲೂ ಫಳಫಳ. ನಂಬರು ಒಂದಕ್ಕೂ ಇಲ್ಲ!

"ಯಾರಮ್ಮಾ ಅಳಿಸಿದ್ದು?"

"ಎಲ್ಲಾರೂವೆ" ಎಂದಳು ಅಜ್ಜಿ. "ಗೀಚಿದ ಬಾಗಿಲಲ್ಲಿ ಕದಿರು ತರೋಕಾಯ್ತದಾ ಬುದ್ಧೀ? ಬೂದಿ ಹಾಕಿ ಉಜ್ಜಿದ್ವಿ."

ಆ ಪುಣ್ಯಾತ್ಮ ಸಿಟ್ಟಾಗಲಿಲ್ಲ. ಮತ್ತೆ ಸುಣ್ಣ ತರಿಸಿದರು. ಕುಂಚ ಅದ್ದುವ ಮೊದಲು ನನ್ನತ್ತ ತಿರುಗಿ, "ಮೇಷ್ಟ್ರೇ, ನಿಮ್ಮಲ್ಲಿ ಪಂಚಾಂಗ ಇದ್ದರೆ ಸ್ವಲ್ಪ ತನ್ನಿ" ಎಂದರು.

ಬೀಟೆ ಮರದ ಕುರ್ಚಿ

ಇನ್ನು ಊರಿನ ಮನೆಗಳಿಗೆಲ್ಲ ಹೊಸದಾಗಿ ಕಂದಾಯ ಗೊತ್ತು ಮಾಡುವುದೊಂದೇ ಬಾಕಿ. ಮನೆಯ ಅಳತೆಗಿಂತ ಒಳಗಿನ ಸ್ಥಿತಿಗತಿ ನೋಡಿ ಕಂದಾಯ ಹಾಕುವುದು ನಮ್ಮ ಇನ್ಸ್‌ಪೆಕ್ಟರ ಪದ್ಧತಿ. ದೊಡ್ಡ ಬೀದಿ ಈ ವಾರ, ನಮ್ಮ ಸಾಲು ಮುಂದಿನ ವಾರ ಎಂದು ಸಾಹುಕಾರರಿಗೆ ಗೊತ್ತಿತ್ತು. ಬೆಳಿಗ್ಗೆಯೇ ಹಿತ್ತಲ ಬಾಗಿಲಿಂದ ಅವರ ಬೀಟೆ ಮರದ ಆರು ಕುರ್ಚಿ, ಗೋಡೆ ಗಡಿಯಾರ, ಗ್ರಾಮಫೋನು ಎಲ್ಲ ಅಜ್ಜಿಯ ಮನೆ ಸೇರಿದವು. "ಇವತ್ತೊಂದು ದಿನ ಇಟ್ಕೋ ಅಜ್ಜಿ."

ಇನ್ಸ್‌ಪೆಕ್ಟರು ಹೋದಾಗ ಸಾಹುಕಾರರು ಹರಿದ ಚಾಪೆಯ ಮೇಲೆ ಕೂತು ಕರಿ ಕಾಫಿ ಕುಡಿಯುತ್ತಿದ್ದರಂತೆ. ಅವರೊಬ್ಬರೇ ಅಲ್ಲ, ಇಡೀ ದೊಡ್ಡ ಬೀದಿಗೇ ಆ ದಿನ ಬಡತನ ಬಡಿದಿತ್ತು! ಬರೆದುಕೊಳ್ಳಲು ಏನೂ ಇಲ್ಲದೆ ಇನ್ಸ್‌ಪೆಕ್ಟರ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. "ಹೇಗೂ ಹೊತ್ತಿದೆ" ಎಂದು ನೇರ ನಮ್ಮ ಸಾಲಿಗೆ ಬಂದರು. ಅಜ್ಜಿಯ ಬಾಗಿಲಲ್ಲಿ ಇಣುಕಿದವರು ಬೂಟು ಬಿಚ್ಚಿಟ್ಟು ಒಳಗೆ ಹೋದರು.

ಪಂಚಾಯಿತಿ ಸಭೆಯಲ್ಲಿ ಅಧ್ಯಕ್ಷರು ಪಟ್ಟಿ ಓದಿದರು. ಹದಿನೇಳು ಮನೆಯೂ ಪುಸ್ತಕ ಸೇರಿದ್ದವು. ಊರಿಗೇ ಹೆಚ್ಚು ಕಂದಾಯ ಅಜ್ಜಿಗೆ! ಮನೆ ಉಳಿಯಿತು ಸರಿ, ನೂಪುಟ್ಟು ಮಾರುವವಳು ಇಷ್ಟನ್ನು ಎಲ್ಲಿಂದ ಕಟ್ಟಿಯಾಳು?

ಸಾಹುಕಾರರು ಎಗರಿದರು: "ಆ ಮುದುಕಿ ಮನೇಲಿ ಏನಿದೆ ಅಂತ?"

ಇನ್ಸ್‌ಪೆಕ್ಟರು ಓದಿದರು: "ಬೀಟೆ ಮರದ ಕುರ್ಚಿ ಆರು. ಗೋಡೆ ಗಡಿಯಾರ ಒಂದು. ಗ್ರಾಮಫೋನು ಒಂದು."

ಸಾಹುಕಾರರು ಮೆಲ್ಲಗೆ ಕೂತರು.

"ಯಾಕೆ, ಆಕೆಯದಲ್ಲವೋ? ಬೇರೆ ಯಾರದಾದರೂ ಇದ್ದರೆ ಹೇಳಿ, ಅವರ ಲೆಕ್ಕಕ್ಕೆ ಹಾಕೋಣ" ಎಂದರು ಅಧ್ಯಕ್ಷರು.

ಸಾಹುಕಾರರು, "ಆಕೇದೇ" ಎಂದರು. ಬಸ್ ಸ್ಟ್ಯಾಂಡ್ ಬೇರೆ ಜಾಗ ನೋಡಿಕೊಂಡಿತು.

ಸಭೆ ಮುಗಿದದ್ದೇ ತಡ, ನಾನು ಓಡಿ ಬಂದು ಅಜ್ಜಿಗೆ ಸುದ್ದಿ ಮುಟ್ಟಿಸಿದೆ; ಹಿಂದೆಯೇ ಸಾಹುಕಾರರೂ ಸೀದಾ ಅವಳ ಮನೆಗೆ ಬಂದರು. ಅಜ್ಜಿ ಅವರದೇ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಎಂದು ಉಪಚಾರ ಮಾಡಿದಳು.

"ಕೂರೋಕಲ್ಲ ಅಜ್ಜಿ, ಸಾಮಾನು ತಗೊಂಡು ಹೋಗೋಕೆ ಬಂದೆ."

"ನಂದು ಅಂತ ಸಭೇಲಿ ನೀವೇ ಅಂದ್ರಂತಲ್ಲ ಸಾವ್ಕಾರ್ರೇ? ಪರವಾಗಿಲ್ಲ, ಬಾಡಿಗೆಗೆ ತಗೊಂಡ್ಹೋಗಿ. ವರ್ಷ ವರ್ಷ ನನ್ನ ಕಂದಾಯ ಕಟ್ಟಿಬಿಡಿ, ಸಾಕು." ಬೆರಳಿನಿಂದ ಕುರ್ಚಿಯ ತೋಳು ಒರೆಸಿ ಸೇರಿಸಿದಳು: "ಜೋಪಾನವಾಗಿ ಇಟ್ಕೊಳ್ಳಿ, ಆಗಾಗ ಬಂದು ನೋಡಿ ಹೋಗ್ತೀನಿ."