ಬಾದಷಾನ ಮೂಲಕ ನಡೆದ ಮಾತುಕತೆ

ನಿನ್ನೆ ನಾನು ಮಾಡಿದ ಕೆಲಸಗಳು ಇಷ್ಟು: ಅಂಗಳ ಗುಡಿಸಿ ನೀರು ಹಾಕಿದ್ದು, ನಳದ ನೀರು ತುಂಬಿದ್ದು, ಮೂಲೆಮನೆಯವರ ರವಿಕೆಗೆ ಹುಕ್ಸು ಹಚ್ಚಿದ್ದು, ಅಕ್ಕಿಯೊಳಗಿನ ಹರಳು ಆರಿಸಿದ್ದು, ಒಣಗಿದ ಬಟ್ಟೆ ಮಡಚಿದ್ದು, ಮತ್ತು ಗಂಡನ ಜೊತೆ ಒಂದೂ ಮಾತಾಡದೆ ನಮ್ಮ ನಾಯಿಯನ್ನು ಲಿಂಗಸುಗೂರಿನ ಡಾಕ್ಟರ ಹತ್ತಿರ ಒಯ್ದಿದ್ದು. ಕಡೆಯದೊಂದು ಬಿಟ್ಟು ಉಳಿದವೆಲ್ಲ ಚೊಕ್ಕಟವಾಗಿ ಮುಗಿದವು.

ನಾಯಿಯ ಹೆಸರು ಬಾದಷಾ. ಹೆಸರಷ್ಟೇ ದೊಡ್ಡದು. ಸಿಂಧನೂರಿನ ನಮ್ಮ ಓಣಿಯಲ್ಲೇ ಹುಟ್ಟಿದ ಕಂದು ನಾಯಿ. ಹೋದ ವರ್ಷ ನಾನು ಜ್ವರ ಬಂದು ಮಲಗಿದ್ದಾಗ ಮಂಚದ ಪಕ್ಕದಿಂದ ಕದಲದೆ ಬಿದ್ದುಕೊಂಡಿದ್ದ ಜೀವ ಅದು. ಹೀಗಾಗಿ ನನಗೆ ಮನೆಯ ಯಜಮಾನರಿಗಿಂತ ಅವನ ಮೇಲೆ ಒಂದು ಗುಂಜಿ ಹೆಚ್ಚು ವಿಶ್ವಾಸ.

ಯಜಮಾನರು ಹೈಸ್ಕೂಲ್ ಮಾಸ್ತರರು. ಈಚೆಗೆ ಮಸ್ಕಿಯಲ್ಲಿರುವ ಅವರ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಅಲ್ಲಿ ಎಲ್ಲರ ಮುಂದೆ, ಬಾಯಲ್ಲಿ ತುತ್ತಿಟ್ಟುಕೊಂಡೇ, "ಇಂಥಾ ತೆಳ್ಳನ ರೊಟ್ಟಿ ತಿಂದು ಬಾಳ ದಿನ ಆಗಿತ್ತು ನೋಡವಾ" ಎಂದುಬಿಟ್ಟರು. ನಾನು ಎದುರಿಗೇ ಕುಳಿತಿದ್ದೆ! ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಬಂದ್.

ಆದರೆ ಸಂಸಾರ ನಡೆಯಬೇಕಲ್ಲ? ನಮ್ಮ ಕಡೆ ಗಂಡ ಹೆಂಡತಿಗೆ ಜಗಳವಾದರೆ ನಡುವೆ ಒಬ್ಬರನ್ನು ನಿಲ್ಲಿಸಿಕೊಂಡು ಮಾತಾಡುವುದು ವಾಡಿಕೆ. ನಮ್ಮ ಅತ್ತೆ ಗೋಡೆಗೆ ಹೇಳಿ ಮಾವನಿಗೆ ಮುಟ್ಟಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದಾಗಿತ್ತು. ಅವಳು ಮದುವೆಯಾಗಿ ಹೋದ ಮೇಲೆ ಹುದ್ದೆ ಖಾಲಿ ಬಿದ್ದಿತ್ತು. ಅದಕ್ಕೆ ಬಾದಷಾನನ್ನು ನೇಮಿಸಿಕೊಂಡೆವು, ಅವನ ಒಪ್ಪಿಗೆ ಕೇಳದೆ.

"ಬಾದಷಾ, ಅನ್ನ ಆಗೈತಂತ ಹೇಳು. ತೆಳ್ಳನ ರೊಟ್ಟಿ ಬೇಕಾದೋರು ಮಸ್ಕಿ ಬಸ್ ಹತ್ಲಿ" ಎಂದು ನಾನು.

"ಬಾದಷಾ, ನನಗ ಹಸಿವಿಲ್ಲಂತ ಹೇಳಲೇ" ಎಂದು ಅವರು.

ಅವರಿಗೆ ರೊಟ್ಟಿ ನಿಲ್ಲಿಸಿದ್ದೆ. ಬಾದಷಾನಿಗೆ ಮಾತ್ರ ದಿನವೂ ಬಿಸಿ ರೊಟ್ಟಿ, ಹಾಲಿನಲ್ಲಿ ನೆನೆಸಿ. ಮಾಸ್ತರರು ಅನ್ನ ಕಲಸುತ್ತ ನಾಯಿಯ ತಾಟನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಆಗ ನನಗಾಗುತ್ತಿದ್ದ ಸಂತೋಷ ಇಲ್ಲಿ ಬರೆಯುವಂಥದ್ದಲ್ಲ.

ಕ್ರಮೇಣ ಮೂದಲಿಕೆ, ಬೈಗುಳ, ಹಳೆಯ ಲೆಕ್ಕ ಎಲ್ಲವೂ ಬಾದಷಾನ ಹೆಸರಿಗೇ ಬಟವಾಡೆಯಾಗತೊಡಗಿದವು. ಅವನು ಊಟ ಬಿಟ್ಟ. ಕರೆದರೆ ಬಾಲ ಮುದುರಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ತನ್ನ ಮುಂಗಾಲನ್ನು ತಾನೇ ಕಚ್ಚಿ ಕಚ್ಚಿ ಕೂದಲು ಉದುರಿಸಿಕೊಂಡ. ಪಕ್ಕೆಲುಬು ಕಾಣತೊಡಗಿದಾಗ ನಾನು ಗಳಿಗೆಗೊಮ್ಮೆ ಅವನ ತಾಟು ನೋಡತೊಡಗಿದೆ. ಮಾಸ್ತರರೂ ಸ್ಕೂಲಿನಿಂದ ಬಂದವರೇ ಮೊದಲು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದರು. ಇಬ್ಬರಿಗೂ ಒಂದೇ ಚಿಂತೆ. ಹೇಳಿಕೊಳ್ಳಲು ಮಾತ್ರ ದಾರಿ ಇಲ್ಲ, ನಡುವಿನವನೇ ಮಲಗಿಬಿಟ್ಟಿದ್ದ!

ಪಕ್ಕದ ಮನೆಯ ಮೆಹಬೂಬಿ ನೋಡಿದವಳೇ ಇದು ನಜರ್, ಯಾರದೋ ದೃಷ್ಟಿ ತಾಗಿದೆ ಎಂದು ತೀರ್ಪು ಕೊಟ್ಟಳು. ಪುಣ್ಯಾತ್ಗಿತ್ತಿ, ಒಲೆಯ ಮೇಲಿದ್ದ ಸಾರು ಇಳಿಸಿ ಓಡಿಬಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ನಜರ್ ಇದ್ದರೆ ಘಾಟು ಬರುವುದಿಲ್ಲವಂತೆ. ಬಂತು. ಎಂಥ ಘಾಟು! ಮೂವರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ನಾಯಿ ನಮಗಿಂತ ಮೊದಲೇ ಓಡಿ ಹಿತ್ತಲಿನ ನೀರಿನ ಹೌದಿನ ಹಿಂದೆ ಅಡಗಿ ಕುಳಿತಿತು. ಮೆಹಬೂಬಿ ಕಣ್ಣೊರೆಸಿಕೊಂಡು, "ನಜರ್ ಏನೂ ಇಲ್ಲವಾ, ದವಾಖಾನಿಗೆ ಒಯ್ಯಿ" ಎಂದಳು.

ಊರಿನ ಪಶುವೈದ್ಯರು ರಜೆಯ ಮೇಲಿದ್ದರು. ಲಿಂಗಸುಗೂರಿನಲ್ಲಿ ಒಬ್ಬ ಒಳ್ಳೆಯ ಡಾಕ್ಟರಮ್ಮ ಇದ್ದಾರೆಂದು ಮಾಸ್ತರರು ವಿಚಾರಿಸಿಕೊಂಡು ಬಂದು ಬಾದಷಾನಿಗೆ ತಿಳಿಸಿದರು. ನಿನ್ನೆ ಬಸ್ಸು ಹತ್ತಿದೆವು; ಕಂಡಕ್ಟರ್, ನಾಯಿ ಯಾರದು ಎಂದು ಕೇಳಿದ. ನಾನು ಅವರ ಕಡೆ ಬೆರಳು ತೋರಿಸಿದೆ. ಅವರು ನನ್ನ ಕಡೆ ತೋರಿಸಿದರು. ಯಾರದೂ ಅಲ್ಲದ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲವೆಂದು ಮೂವರನ್ನೂ ಇಳಿಸಿದ.

ಕಡೆಗೆ ಅಕ್ಕಿ ಮಿಲ್ಲಿನ ಲಗೇಜ್ ಆಟೋದವನೊಬ್ಬ ಲಿಂಗಸುಗೂರಿಗೆ ಹೊರಟಿದ್ದ. ಅವನ ಹೊಟ್ಟೆ ತಣ್ಣಗಿರಲಿ, ಮೂಟೆಗಳ ಮೇಲೆ ಜಾಗ ಕೊಟ್ಟ. ಆ ತುದಿಗೆ ಅವರು, ಈ ತುದಿಗೆ ನಾನು, ನಡುವೆ ರಾಯಭಾರಿ. ಮಸ್ಕಿಯಲ್ಲಿ ಗಾಡಿ ನಿಂತಾಗ ಮಾಸ್ತರರ ಹಳೆಯ ವಿದ್ಯಾರ್ಥಿಗಳು ಚಹಾದಂಗಡಿಯಿಂದ ಎದ್ದು ನಿಂತು ನಮಸ್ಕಾರ ಮಾಡಿದರು. ಅಕ್ಕಿಮೂಟೆಯ ಮೇಲಿಂದ ಇವರು ಗಂಭೀರವಾಗಿ ಕೈಯೆತ್ತಿ ಆಶೀರ್ವಾದ ಮಾಡಿದರು. ಅದೇ ಗಳಿಗೆಗೆ ಬಾದಷಾ ಮಾಸ್ತರರ ಇಸ್ತ್ರಿ ಪ್ಯಾಂಟಿನ ಮೇಲೆ ವಾಂತಿ ಮಾಡಿದ.

ಡಾಕ್ಟರಮ್ಮ ಹಲ್ಲು, ಹೊಟ್ಟೆ, ಜ್ವರ ಎಲ್ಲ ನೋಡಿದರು. ಏನೇನು ತಿನ್ನುತ್ತದೆ ಎಂದು ಕೇಳಿದರು.

"ಬಾದಷಾ, ಅಡಗಿ ಮಾಡೋರು ಹೇಳ್ಲಿ" ಎಂದರು ಇವರು.

"ಬಾದಷಾ, ಎಲ್ಲಾ ತಿಳಿದ ಮಾಸ್ತರರೇ ಹೇಳ್ಲಿ" ಎಂದೆ ನಾನು.

ಒಂದೊಂದು "ಬಾದಷಾ"ಕ್ಕೂ ನಾಯಿ ಮೇಜಿನ ಮೇಲೆ ನಡುಗುತ್ತಿತ್ತು. ಡಾಕ್ಟರಮ್ಮ ಕಿವಿಯಿಂದ ನಳಿಗೆ ತೆಗೆದು ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿದರು. "ಇದಕ್ಕ ರೋಗ ಇಲ್ರಿ. ನಿಮ್ಮ ಸಿಟ್ಟು ಇದಕ್ಕ ಬಡದೈತಿ. ಇದಕ್ಕ ನಿಮ್ಮ ಮಾತಿನ ಅರ್ಥ ತಿಳಿಯಂಗಿಲ್ಲ, ದನಿ ತಿಳಿತೈತಿ. ಇಡೀ ದಿನ ಬೈಸಿಕೊಳ್ಳಾಕತ್ತೀನಿ ಅಂತ ತಿಳಕೊಂಡೈತಿ ಪಾಪ."

ಔಷಧಿ ಕೇಳಿದೆ. ಕಾಲಿನ ಗಾಯಕ್ಕೆ ಮುಲಾಮು ಕೊಟ್ಟರು. ಉಳಿದದ್ದಕ್ಕೆ, ಇಬ್ಬರೂ ನಾಯಿಯ ಎದುರು ಕುಳಿತು ನೇರವಾಗಿ ಮಾತಾಡಬೇಕಂತೆ. "ನಕ್ಕಂಗ ನಾಟಕ ಮಾಡಬ್ಯಾಡ್ರಿ, ಅದೂ ಗೊತ್ತಾಗ್ತೈತಿ ಇದಕ್ಕ." ಬೈಯದೆ, ನಗದೆ ಹೇಳಿದ ಆ ಹೆಣ್ಣುಮಗಳನ್ನು ದಿನಕ್ಕೊಮ್ಮೆ ನೆನೆಯಬೇಕು.

ಬರುವಾಗ ಅದೇ ಆಟೋ, ಈಗ ಖಾಲಿ. ಹಿಡಿದುಕೊಳ್ಳಲು ಮೂಟೆಗಳಿಲ್ಲ. ಒಂದು ತಗ್ಗಿಗೆ ಗಾಡಿ ಎಗರಿದಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ಈ ಕಡೆ ಸರಕೊಂಡು ಕುಂದ್ರಿ, ಬೀಳ್ತೀರಿ."

ಅವರು ಸರಿದರು. ಬಾದಷಾ ಕಿವಿ ನಿಮಿರಿಸಿದ. ತನ್ನ ಹೆಸರಿಲ್ಲದ ಮಾತು ಅವನಿಗೆ ಹೊಸದು.

ಅವನ ತಲೆ ಸವರುತ್ತ ಅವರು, "ತಂಗಿ ಮನ್ಯಾಗ ಕುಂತು ಆಕಿ ಮುಂದ ಮತ್ತೇನಂತ ಅನ್ಲಿ?" ಎಂದರು.

"ನನ್ನ ರಟ್ಟಿ ನೋಯಾಕತ್ತು ಎಷ್ಟು ದಿನ ಆತು. ತೆಳ್ಳಗ ಬಡಿಯಾಕ ಆಗವಲ್ದು."

"ಹೇಳಬಾರದಾಗಿತ್ತೇನು?"

"ಬಾದಷಾಗ ಹೇಳಿದ್ನಲ್ಲ."

"ಅದು ಅವನಿಗೇ ಹೇಳಿದ್ದಂತ ಸುಮ್ನಿದ್ದೆ."

ಬೈಗುಳವೆಲ್ಲ ತಪ್ಪದೆ ಮುಟ್ಟಿದ್ದವು. ನೋವಿನದೊಂದೇ ದಾರಿಯಲ್ಲಿ ಉಳಿದುಬಿಟ್ಟಿತ್ತು. ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಅವರು ನನ್ನ ಕೈ ತೆಗೆದುಕೊಂಡು, ನಾಯಿಗೆ ಹಚ್ಚಿ ಉಳಿದಿದ್ದ ಮುಲಾಮನ್ನೇ ರಟ್ಟೆಗೆ ತಿಕ್ಕತೊಡಗಿದರು. ಎಲ್ಲಾ ತಿಳಿದವರು! ಬಾದಷಾ ಬಂದು ನಮ್ಮಿಬ್ಬರ ಕಾಲುಗಳ ಮೇಲೆ ಅಡ್ಡ ಮಲಗಿದ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ದಾರಿಯಲ್ಲಿ ಕಟ್ಟಿಸಿಕೊಂಡ, ನಮ್ಮ ಕಡೆ ಮಂಡಾಳ ಎನ್ನುವ ಮಂಡಕ್ಕಿ ಒಗ್ಗರಣೆ, ಮಿರ್ಚಿ ನಮಗಾಯಿತು. ಒಂದು ಪಾಲು ಮೆಹಬೂಬಿಗೆ ಕೊಟ್ಟುಬಂದೆ. ಬಾದಷಾನಿಗೆ ಮೊಸರನ್ನ ಕಲಸಿ ಇಟ್ಟು, ನೋಡಿಯೂ ನೋಡದವರಂತೆ ನಿಂತೆವು. ತಾಟು ನೆಕ್ಕಿ ಬೆಳಗಿಟ್ಟ. ನನ್ನ ಪ್ರಾಣ ಮರಳಿ ಬಂದಂತಾಯಿತು.

ಹಾಸಿಗೆ ಹಾಸಿ, ಡಾಕ್ಟರಮ್ಮ ಹೇಳಿದಂತೆ ನಾಯಿಯ ಎದುರೇ ನೇರವಾಗಿ, ಶಾಂತ ದನಿಯಲ್ಲಿ, ನನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಯಜಮಾನರಿಗೆ ಹೇಳಲು ಶುರುಮಾಡಿದೆ. ಬಹಳ ಚೆನ್ನಾಗಿ ಮಾತಾಡಿದೆನೆಂದೇ ನನ್ನ ನೆನಪು. ಇವತ್ತು ಮುಂಜಾನೆ ಅವರು ಹೇಳಿದ್ದು ಬೇರೆ: ಎರಡನೆಯ ಮಾತಿಗೇ ನಾನು ನಿದ್ದೆ ಹೋದೆನಂತೆ, ಎಲ್ಲರಿಗಿಂತ ಮೊದಲು. ಆಮೇಲೆ ಅವರೂ ಮಲಗಿದರಂತೆ. ಬಾದಷಾ ಮಾತ್ರ ನನ್ನ ಗೊರಕೆ ತಾಳಲಾರದೆ ಎದ್ದು, ಅಂಗಳಕ್ಕೆ ಹೋಗಿ ಮಲಗಿದನಂತೆ.