ಕೀ ನನ್ನ ಕೈಯಲ್ಲೇ ಇತ್ತು

ಈ ಜನ್ಮದಲ್ಲಿ ಇನ್ನು ಯಾವ ವಾಹನವೂ ನನ್ನನ್ನು ಹಿಂದೆ ಹಾಕಕೂಡದು ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಒಂದು ಲಿಫ್ಟಿನೊಳಗೆ, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕೂತಿದ್ದಾಗ. ಲಿಫ್ಟುಗಳನ್ನು ಪರೀಕ್ಷಿಸಿ ‘ಸುರಕ್ಷಿತ’ ಎಂದು ಸಹಿ ಹಾಕುವುದು ನನ್ನ ಉದ್ಯೋಗ. ಅರ್ಧ ಆಯುಷ್ಯ ಮೇಲೆ ಹೋಗಿದ್ದೇನೆ, ಕೆಳಗೆ ಬಂದಿದ್ದೇನೆ, ಮುಂದೆ ಹೋದವನಲ್ಲ. ಆ ಕತ್ತಲ ಪೆಟ್ಟಿಗೆಯಿಂದ ನನ್ನನ್ನು ಎಳೆದು ಹೊರಹಾಕಿದ ವಾರದೊಳಗೇ ಒಂದು ಟರ್ಬೊ ಕಾರು ಹುಡುಕಿಬಿಟ್ಟೆ. ಡೀಸೆಲ್ಲು, ಕಪ್ಪು ಬಣ್ಣ, ಓಟಕ್ಕೆಂದೇ ಹದ ಮಾಡಿದ ಎಂಜಿನ್ನು.

ಮಾರುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಬೆಲೆ ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅಷ್ಟು ಕಡಿಮೆಗೆ ಅವರು ದವಡೆಹಲ್ಲನ್ನೂ ಕೀಳುವವರಲ್ಲ.

“ಯಾಕೆ ಮಾರ್ತಿದ್ದೀರಿ?” ಎಂದು ಕೇಳಿದೆ.

“ಸಾಕಾಯ್ತು.”

“ಓಡಿಸಿ ಸಾಕಾಯ್ತಾ?”

“ಸಾಕಿ ಸಾಕಾಯ್ತು,” ಎಂದು ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮಡಚಿದರು. ಅವರ ಕೈ ತಣ್ಣಗಿತ್ತು.

ಬೀದಿಯ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ. ಅವರ ಮನೆಮಂದಿಯೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಯಾರೂ ಕೈ ಬೀಸಲಿಲ್ಲ. ಕಾರು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಒಂದೊಂದಾಗಿ ಕಿಟಕಿಗಳೂ ಮುಚ್ಚಿದವು.

ಮನೆಗೆ ಬಂದವನೇ ಬಾನೆಟ್ ಎತ್ತಿ ಹೆಂಡತಿಗೂ ಅತ್ತೆಗೂ ಪಾಠ ಶುರು ಮಾಡಿದೆ. “ಇಲ್ಲಿ ನೋಡಿ, ಮುಂದುಗಡೆ ಇರೋ ಈ ಕೊಳವೆ ಬಾಯಲ್ಲಿ ಗಾಳಿ ಒಳಗೆ ಹೋಗತ್ತೆ. ಎಂಜಿನ್ನು ಬಿಟ್ಟ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗತ್ತೆ. ಆ ಚಕ್ರ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕತ್ತೆ. ಅದೇ ಟರ್ಬೊ.”

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಉಬ್ಬಸದವರ ವಾರ್ಡಿನ ನರ್ಸು. ಒಂದು ಕ್ಷಣ ಬಗ್ಗಿ ಆಲಿಸಿ ಹೇಳಿದಳು: “ನಮ್ಮ ವಾರ್ಡಲ್ಲೂ ಹೀಗೆ ಗಾಳಿ ತುರುಕಿಸ್ಕೊಳ್ಳೋರು ಇದ್ದಾರೆ. ಅವರನ್ನ ನಾವು ಗಟ್ಟಿಮುಟ್ಟಾಗಿದ್ದಾರೆ ಅನ್ನಲ್ಲ ರೀ.”

ಮೊದಲ ಸವಾರಿಗೆ ಮೂವರೂ ಹೊರಟೆವು. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದೆ. ಏನೂ ಆಗಲಿಲ್ಲ. ಒಳಗೆ ಯಾರೋ ಕೂತು ಯೋಚಿಸುತ್ತಿರುವಂತೆ ಒಂದು ಗಳಿಗೆ ಮೌನ. ಆಮೇಲೆ ಬೆನ್ನಿಗೆ ಎರಡೂ ಕೈ ಕೊಟ್ಟು ದಬ್ಬಿದಂತೆ ಕಾರು ನೆಗೆಯಿತು. ಎಳೆಯ ಸಿಳ್ಳೊಂದು ಎದ್ದು ಏರಿತು. ಕಾಲು ತೆಗೆದಾಗ ಅದು ನಿಂತು, ಎಲ್ಲಿಂದಲೋ ಉದ್ದನೆಯ ಉಸಿರು ಕೇಳಿಸಿತು.

“ಯಾರಮ್ಮಾ ಅದು ನಿಟ್ಟುಸಿರು ಬಿಟ್ಟಿದ್ದು?” ಎಂದು ಹಿಂದಿನ ಸೀಟಿನಿಂದ ಅತ್ತೆ ಕೇಳಿದರು.

“ನಾನಲ್ಲ,” ಎಂದಳು ಹೆಂಡತಿ.

“ಟರ್ಬೊ,” ಎಂದೆ ನಾನು, ಹೆಮ್ಮೆಯಿಂದ.

“ಪಾಪ, ಅದಕ್ಕೇನು ಕಷ್ಟವಂತೆ?”

ಕಷ್ಟ ಅದಕ್ಕಲ್ಲ, ನಮಗೆ ಎಂಬುದು ನಿಧಾನವಾಗಿ ತಿಳಿಯಿತು. ಓಡಿ ಬಂದ ಟರ್ಬೊವನ್ನು ಕೂಡಲೇ ನಿಲ್ಲಿಸಬಾರದು, ಅದು ಕಾದಿರುತ್ತದೆ, ಆರಬೇಕು. ಹಾಗಾಗಿ ದಿನವೂ ನಮ್ಮದೇ ಗೇಟಿನ ಮುಂದೆ, ನಮ್ಮದೇ ಕಾರಿನಲ್ಲಿ, ಮೂವರೂ ನೆಟ್ಟಗೆ ಮುಂದೆ ನೋಡುತ್ತ ಕೂತಿರುತ್ತಿದ್ದೆವು. ಪಕ್ಕದ ಮನೆಯವರು ಒಮ್ಮೆ ಮೆಲ್ಲಗೆ ಗಾಜು ತಟ್ಟಿ, ಯಾರಾದರೂ ಹೋಗಿಬಿಟ್ಟರೇ ಎಂದು ವಿಚಾರಿಸಿದರು.

ಇನ್ನು ಅದರ ಊಟೋಪಚಾರ. ಅದಕ್ಕೆ ಬೇರೆಯದೇ ಆಯಿಲ್, ಬೇರೆಯದೇ ಟಯರು, ವಿಮೆಯವರ ಬೇರೆಯದೇ ನಗು. ನಮ್ಮ ಮಂಚದ ಕಾಲು ಮುರಿದಾಗ ಇಟ್ಟಿಗೆ ಕೊಟ್ಟೆವು. ಕಾರಿನ ಬ್ರೇಕು ಸವೆದಾಗ ಅಂಗಡಿಯಿಂದ ಹೊಸದನ್ನೇ ತರಿಸಿದೆವು. ಇಷ್ಟು ಮಾಡಿದರೂ ಆಯಿಲ್ ಮಾಯವಾಗುತ್ತಿತ್ತು. ಬೆಳಗ್ಗೆ ಕಡ್ಡಿ ಅದ್ದಿ ನೋಡಿದರೆ ತುದಿ ಒಣಗಿರುತ್ತಿತ್ತು. ಟಾರ್ಚು ಹಿಡಿದು ಕಾರಿನಡಿ ಮಲಗಿ ಹುಡುಕಿದೆ. ನೆಲದ ಮೇಲೆ ಒಂದು ತೊಟ್ಟಿಲ್ಲ. ಮತ್ತೆ ತುಂಬಿದೆ, ಮತ್ತೆ ಖಾಲಿ.

“ಸೋರ್ತಿಲ್ಲ ಅಂದ್ರೆ ಕುಡೀತಿದೆ,” ಎಂದಳು ಹೆಂಡತಿ. “ಅಡುಗೆಗೆ ನಾನು ಯಾವತ್ತೂ ಇಷ್ಟು ದುಬಾರಿ ಎಣ್ಣೆ ತಂದೋಳಲ್ಲ.”

ಒಂದು ಸಂಜೆ ಕಾರು ನಿಲ್ಲಿಸಿ, ಕೀ ತಿರುಗಿಸಿ ತೆಗೆದೆ. ಎಂಜಿನ್ನು ನಿಲ್ಲಲಿಲ್ಲ.

ಎರಡೋ ಮೂರೋ ಉಸಿರಿನಷ್ಟು ಹೊತ್ತು ಅದು ತನ್ನಷ್ಟಕ್ಕೆ ಗುರುಗುಟ್ಟಿ, ಆಮೇಲೆ ಒಲ್ಲದ ಮನಸ್ಸಿನಿಂದ ಸುಮ್ಮನಾಯಿತು. ಯಾರಿಗೂ ಹೇಳಲಿಲ್ಲ. ಮರುದಿನ ಇನ್ನಷ್ಟು ಹೊತ್ತು ಓಡಿತು.

ಪೇಟೆಯ ಮೆಕ್ಯಾನಿಕ್ಕನನ್ನು ಎಲ್ಲರೂ ಮೌನಿ ಎನ್ನುತ್ತಾರೆ. ಮಾತಿಗೂ ಬಿಲ್ಲು ಹಾಕುತ್ತಾನೇನೋ ಎಂಬಷ್ಟು ಮಿತಭಾಷಿ. ಅವನು ಟರ್ಬೊದ ರಬ್ಬರು ಕೊಳವೆಯೊಂದನ್ನು ಬಿಚ್ಚಿ, ಒಳಗೆ ಬೆರಳಾಡಿಸಿ ನನಗೆ ತೋರಿಸಿದ. ಬೆರಳು ಗೆಣ್ಣಿನವರೆಗೂ ಕಪ್ಪಾಗಿ ಹೊಳೆಯುತ್ತಿತ್ತು.

“ಟರ್ಬೊ ಸೀಲ್ ಹೋಗಿದೆ. ಆಯಿಲ್ ಗಾಳಿ ಜೊತೆ ಎಂಜಿನ್ ಒಳಗೆ ಹೋಗ್ತಿದೆ. ಡೀಸೆಲ್ ನಿಲ್ಸಿದ್ರೂ ಅದನ್ನೇ ಉರಿಸ್ಕೊಂಡು ಓಡತ್ತೆ. ಓಡಿಸ್ಬೇಡಿ.”

“ಹೊಸ ಟರ್ಬೊಗೆ ಎಷ್ಟಾಗತ್ತೆ?”

ಹೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ನಾನು ಕಾರನ್ನು ಮನೆಗೇ ತಂದೆ. ಲಿಫ್ಟಿನ ಹಗ್ಗ ತೋರಿಸಿ ಕಟ್ಟಡಗಳ ಯಜಮಾನರನ್ನು ಹೆದರಿಸುತ್ತಲೇ ತಲೆ ನರೆತವನು ನಾನು. ನನ್ನನ್ನೇ ಹೆದರಿಸುತ್ತಾನೆಯೇ ಎಂದುಕೊಂಡೆ.

ಆ ವಾರವೇ ಅತ್ತೆಯ ಕಣ್ಣು ತೋರಿಸಿಕೊಂಡು ಬಿಸಿಲಿಳಿಯುವ ಹೊತ್ತಿಗೆ ಹಿಂದಿರುಗುತ್ತಿದ್ದೆವು. ದಿಬ್ಬದಲ್ಲಿ ಲಾರಿಯೊಂದು ಮುಂದೆ ತೆವಳುತ್ತಿತ್ತು. ಪ್ರತಿಜ್ಞೆ ನೆನಪಾಗಿ ಕಾಲು ಒತ್ತಿದೆ. ಕಾರು ಲಾರಿಯನ್ನು ದಾಟಿತು, ಆದರೆ ಸಿಳ್ಳು ಈ ಸಲ ಬೇರೆ ಇತ್ತು. ಹಲ್ಲು ಕಡಿಯುತ್ತ ಅತ್ತಂತಿತ್ತು.

ಮನೆಯ ಮುಂದೆ ಹ್ಯಾಂಡ್‌ಬ್ರೇಕ್ ಎಳೆದು ಗೇರು ತೆಗೆದೆ. ಹೆಂಡತಿ ಇಳಿದು ಗೇಟಿನತ್ತ ನಡೆದಳು. ಟರ್ಬೊ ಆರಲೆಂದು ಕಾಯದೆ ಕೀ ತೆಗೆದು ನಾನೂ ಇಳಿದೆ. ಎಂಜಿನ್ನಿನ ಸದ್ದು ಇಳಿಯತೊಡಗಿತು. ಇಳಿಯಿತು, ಇಳಿಯಿತು, ಇನ್ನೇನು ನಿಂತಿತು ಅನ್ನುವಾಗ ಏನನ್ನೋ ನೆನೆಸಿಕೊಂಡಂತೆ ತಡೆಯಿತು. ಆಮೇಲೆ ಏರತೊಡಗಿತು.

ತೆರೆದ ಬಾಗಿಲಿನಿಂದ ಬಗ್ಗಿ ನೋಡಿದೆ. ಆಕ್ಸಿಲರೇಟರ್ ಪೆಡಲು ಅಲುಗದೆ ನಿಂತಿತ್ತು. ಅದರ ಮೇಲೆ ಯಾರ ಕಾಲೂ ಇರಲಿಲ್ಲ. ಕೀ ನನ್ನ ಕೈಯಲ್ಲೇ ಇತ್ತು. ಗುರುಗುಟ್ಟಿದ್ದು ಕೂಗಾಯಿತು, ಕೂಗು ಚೀರಾಟವಾಯಿತು, ಕಾರು ನಿಂತಲ್ಲೇ ಜ್ವರ ಬಂದಂತೆ ನಡುಗಿತು. ಹಿಂದಿನಿಂದ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಬಂದು ಮೊದಲು ಗೇಟನ್ನು, ಆಮೇಲೆ ಮನೆಯನ್ನು, ಆಮೇಲೆ ಬೀದಿಯನ್ನೇ ನುಂಗಿತು.

ಹಿಂದೆ ಸರಿದೆ ಎಂದು ಬರೆದರೆ ಮರ್ಯಾದೆ. ಓಡಿದೆ. ಎದುರು ಮನೆಯ ಗೋಡೆಗೆ ಬೆನ್ನು ತಾಗಿದಾಗಲೇ ನಿಂತದ್ದು. ಆಗ ಜ್ಞಾಪಕ ಬಂತು: ಅತ್ತೆ ಹಿಂದಿನ ಸೀಟಿನಲ್ಲಿದ್ದಾರೆ. ಮಂಡಿನೋವಿನವರು, ಇಳಿಯಲು ಯಾವಾಗಲೂ ಕೈ ಕೊಡಬೇಕು.

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊಗೆಯೊಳಗೆ ನುಗ್ಗಿದೆ. ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. “ಅತ್ತೆ,” ಎಂದು ಕೂಗಿದೆ. ಆ ಚೀರಾಟದಲ್ಲಿ ನನ್ನ ಕೂಗು ನನಗೂ ಕೇಳಿಸಲಿಲ್ಲ. ತಡಕಾಡಿ ಹಿಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಕೈಯಾಡಿಸಿದೆ. ಇನ್ನೂ ಬೆಚ್ಚಗಿತ್ತು. ಕೆಳಗೆ ಅವರ ಚಪ್ಪಲಿ ಇತ್ತು. ಅತ್ತೆ ಇರಲಿಲ್ಲ.

ಹೆಂಡತಿಗೆ ಏನೆಂದು ಹೇಳಲಿ? ನಿಮ್ಮಮ್ಮನನ್ನು ಕಾರು ತೆಗೆದುಕೊಂಡಿತು ಎನ್ನಲೇ?

ಆಗ ಆ ಚೀರಾಟ ತಟ್ಟನೆ ಬಿಗಿದುಕೊಂಡಿತು. ಎರಡು ಸಲ ಬಿಕ್ಕಳಿಸಿ ಕಾರು ಒಮ್ಮೆ ಒದರಿಕೊಂಡಿತು, ಆಮೇಲೆ ನಿಂತೇಹೋಯಿತು. ಅಂಥ ನಿಶ್ಶಬ್ದವನ್ನು ನಾನು ಕೇಳಿಲ್ಲ. ಹೊಗೆ ತೆಳುವಾಗುತ್ತ ಬಂದ ಹಾಗೆ ಕಾರಿನ ಮುಂದೆ ಎರಡು ಆಕೃತಿಗಳು ಕಂಡವು. ಒಂದು ಬರಿಗಾಲಲ್ಲಿ ನಿಂತು ಎರಡೂ ಕೈಯಿಂದ ಬಾನೆಟ್ಟನ್ನು ಎತ್ತಿ ಹಿಡಿದಿತ್ತು. ಇನ್ನೊಂದು ಒಳಗೆ ಬಗ್ಗಿ, ಕಾರಿನದೇ ರಬ್ಬರ್ ಮ್ಯಾಟನ್ನು ಗಾಳಿಕೊಳವೆಯ ಬಾಯಿಗೆ ಮೈಭಾರವೆಲ್ಲ ಬಿಟ್ಟು ಒತ್ತಿತ್ತು. ಅತ್ತೆ ಮತ್ತು ಅವರ ಮಗಳು.

“ನಿಲ್ತಾ?” ಎಂದು ಕೇಳಿದಳು ಹೆಂಡತಿ, ಕೈ ತೆಗೆಯದೆ.

“ನಿಂತಿತು,” ಎಂದೆ. “ನಿನಗೆ ಹೇಗೆ ಗೊತ್ತಾಯ್ತು?”

“ಉಸಿರಾಡೋದು ಯಾವುದೇ ಆದ್ರೂ ಮೂಗು ಮುಚ್ಚಿದ್ರೆ ನಿಲ್ಲತ್ತೆ. ವಾರ್ಡಲ್ಲಿ ಮುಚ್ಚದ ಹಾಗೆ ನೋಡ್ಕೋತೀವಿ, ಇಲ್ಲಿ ಮುಚ್ಚಿದೆ, ಅಷ್ಟೆ.” ಆಮೇಲೆ ನನ್ನತ್ತ ತಿರುಗಿದಳು. ಅವಳ ಮುಖವೆಲ್ಲ ಮಸಿ. “ನೀವೆಲ್ಲಿ ಹೋಗಿದ್ರಿ?”

“ಅತ್ತೇನ ಹುಡುಕ್ತಿದ್ದೆ.”

“ನಾನು ಆಗಲೇ ಇಳಿದೆನಪ್ಪ,” ಎಂದರು ಅತ್ತೆ. “ನೀವು ಎದುರು ಮನೆ ಕಡೆ ಓಡಿದ್ರಲ್ಲ, ಅದನ್ನ ನೋಡ್ಕೊಂಡೇ ಇಳಿದೆ.”

ಮೌನಿ ಬಂದು ನೋಡಿದ. ಈ ಸಲ ಬೆರಳನ್ನೂ ಅದ್ದಲಿಲ್ಲ. ಎಂಜಿನ್ನು ಒಳಗೆಲ್ಲ ತಿಂದುಹೋಗಿದೆ, ಸರಿಮಾಡಿಸುವ ಖರ್ಚಿಗೆ ಇನ್ನೊಂದು ಕಾರೇ ಬರುತ್ತದೆ ಎಂಬುದನ್ನು ತಲೆಯಾಡಿಸಿಯೇ ತಿಳಿಸಿದ. ಗುಜರಿಯವರು ಬಂದು ಅದನ್ನು ಸರಪಳಿಗೆ ಬಿಗಿದು ಎಳೆದೊಯ್ದರು. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಕೈ ಬೀಸಬೇಕೆಂದು ನನಗೂ ಅನ್ನಿಸಲಿಲ್ಲ.

ಮುಂದಿನ ಕಾರನ್ನು ಆರಿಸಿದವಳು ಹೆಂಡತಿ. ಪುಟ್ಟದು, ಹಳೆಯದು, ಟರ್ಬೊ ಇಲ್ಲದ್ದು. ದಿಬ್ಬದಲ್ಲಿ ಸೈಕಲ್ಲಿನವರೂ ನಮ್ಮನ್ನು ಕುಶಲ ವಿಚಾರಿಸಿ ಮುಂದೆ ಹೋಗುತ್ತಾರೆ. ಓಡಿಸುವವಳೂ ಅವಳೇ. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕದಲ್ಲಿ ಕೂರುತ್ತೇನೆ.

ಮೊದಲ ದಿನ ಕಾರು ಸದ್ದೇ ಇಲ್ಲದೆ ಸಾಗುತ್ತಿತ್ತು. ನನಗೆ ಸಂತೋಷವಾಗಿ, ಸಾದಾ ಎಂಜಿನ್ನು ಯಾಕೆ ಬಾಳಿಕೆ ಬರುತ್ತದೆ, ಟರ್ಬೊ ಎಂಜಿನ್ನಿನ ಗುಣದೋಷಗಳೇನು, ಎರಡರ ಖರ್ಚಿನ ತಾರತಮ್ಯವೇನು ಎಂದು ಅತ್ತೆಗೆ ವಿವರವಾಗಿ ತಿಳಿಸುತ್ತ ಬಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಮನೆಯ ಹತ್ತಿರ ಬಂದಾಗ ಮುಂದೆ ಬಾಗಿ, ಮಗಳ ಭುಜ ಮುಟ್ಟಿ ಹೇಳಿದರು:

“ಆ ಕಾರೇ ವಾಸಿ ಇತ್ತು ಕಣೇ. ಅದರಲ್ಲಿ ಇವರು ಮಾತಾಡಿದ್ದು ಕೇಳಿಸ್ತಿರಲಿಲ್ಲ.”