ಕಡ್ಡಿ ಗಾಲಿಯ ಕಾರಿನಲ್ಲಿ ತವರಿಗೆ

ಅರ್ಧ ಅಂಗಳಕ್ಕೆ ಸಗಣಿನೀರು ಹೊಡೆದಾಗಿತ್ತು. ಉಳಿದರ್ಧದಲ್ಲಿ ಗಂಡನ ಕಾರು ಗಾಲಿಗಳಿಲ್ಲದೆ ನಾಲ್ಕು ಕಲ್ಲುಗಳ ಮೇಲೆ, ಹಲ್ಲು ಕಟ್ಟಿಸಿಕೊಳ್ಳಲು ಬಾಯಿ ತೆರೆದು ಕೂತ ಮುದುಕನಂತೆ ನಿಂತಿತ್ತು. ಅದರ ಎಡಕ್ಕೊಂದು, ಬಲಕ್ಕೊಂದು ಗೋಣಿತಟ್ಟು. ಒಂದೊಂದರ ಮೇಲೂ ಗಾಲಿ ಕೂರಿಸುವ ಎರಡೆರಡು ಹಬ್‌ಗಳು. ಜಂಬಮ್ಮ ಎರಡೂ ತಟ್ಟುಗಳನ್ನು ಕಟ್ಟೆಯ ಮೇಲಕ್ಕೆ ಎಳೆದಿಟ್ಟು, ನೀರು ಹೊಡೆದು, ರಂಗೋಲಿಯ ನಾಲ್ಕು ಎಳೆ ಬಿಟ್ಟು, ಮತ್ತೆ ಇದ್ದಲ್ಲೇ ತಂದಿಟ್ಟಳು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಎತ್ತುವಾಗ ತಾನು ಬೀದಿಗೆ ಮುಖ ಮಾಡಿದ್ದೆ, ಇಡುವಾಗ ಮನೆಗೆ ಮುಖ ಮಾಡಿದ್ದೆ ಎಂಬುದು ಅವಳ ಗಮನಕ್ಕೆ ಬರಲಿಲ್ಲ.

ಅವಳ ಮನಸ್ಸು ಆಗಲೇ ತವರೂರು ಹಿರೇಹಡಗಲಿಯಲ್ಲಿತ್ತು. ಅಣ್ಣನ ಮಗನ ಜವಳ ಅಂದು ಮಧ್ಯಾಹ್ನ. ಮೂರು ವರ್ಷದ ಮೇಲೆ ತವರು. ಅದೂ ಎಂಟು ದಿನ. ಈ ಎಂಟು ದಿನ ಸುಮ್ಮನೆ ಸಿಕ್ಕಿರಲಿಲ್ಲ. ಹಡಗಲಿ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಗಂಡ ಪಾಲಾಕ್ಷಪ್ಪ ಮಾಸ್ತರು, ಇಂಗ್ಲಿಷರ ಕಾಲದ ಆ ಕಾರಿಗೆ ಹರಪನಹಳ್ಳಿಯ ಗುಜರಿಯಿಂದ ಸೈಕಲ್ಲಿನಂಥ ಕಡ್ಡಿ ಗಾಲಿಗಳನ್ನು ಹೊತ್ತು ತಂದಾಗ, ಗಾಲಿ ಕೂತ ದಿನ ನಿನ್ನನ್ನು ತವರಿಗೆ ಬಿಟ್ಟು ಎಂಟು ದಿನ ನಾನೇ ಬೇಯಿಸಿಕೊಂಡು ತಿನ್ನುತ್ತೇನೆ ಎಂದು ಮಾತು ಕೊಟ್ಟಿದ್ದರು. ಅಂದಿನಿಂದ ಎರಡು ತಿಂಗಳು ಜಂಬಮ್ಮ ಹಿತ್ತಾಳೆ ತಂಬಿಗೆ ಬಿಟ್ಟು ಗಾಲಿಯ ಕಡ್ಡಿಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ತಿಕ್ಕುತ್ತ ತಿಕ್ಕುತ್ತ ಅವಳಿಗೂ ಆಸೆ ಹತ್ತಿತು. ಅತ್ತಿಗೆ ಸುಂಕಮ್ಮನ ತಮ್ಮ ಟ್ರ್ಯಾಕ್ಟರು ಕೊಂಡಿದ್ದ. ಅವನ ಕಣ್ಣೆದುರೇ ಅಣ್ಣನ ಮನೆಯ ಮುಂದೆ ಕಾರಿನಿಂದ ಇಳಿಯಬೇಕು, ಗಾಲಿ ಫಳಫಳ ಹೊಳೆಯಬೇಕು.

ಮುಂಜಾನೆ ಗಾಲಿ ಕೂರಿಸಲು ಇಡೀ ಓಣಿಯೇ ಬಂತು. ಕಡ್ಡಿ ಕಂಡ ಮೇಲೆ ಅದು ತನ್ನದೇ ಇಲಾಖೆ ಎಂದು ಸೈಕಲ್ ಅಂಗಡಿಯ ಹುಲುಗಣ್ಣ ಮುಂದೆ ಬಂದ. ಕಡ್ಡಿಯ ತುದಿಗಳು ಟ್ಯೂಬಿಗೆ ಚುಚ್ಚದಂತೆ ಒಳಗೆ ಬಟ್ಟೆಪಟ್ಟಿ ಸುತ್ತಬೇಕೆಂದು ಹೇಳಿ, ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಬಟ್ಟೆಯೊಂದನ್ನು ಪರಪರ ಹರಿದೇಬಿಟ್ಟ. ಅದು ತವರಿಗೆಂದು ಜಂಬಮ್ಮ ಹೊಲಿಸಿದ್ದ ಹೊಸ ಲಂಗ. ಅಷ್ಟು ಜನ ಗಂಡಸರ ನಡುವೆ ಅದು ನನ್ನದು ಎನ್ನಲಾಗದೆ ಅವಳು ಒಳಗೆ ಹೋಗಿ ಹಳೆಯದಕ್ಕೆ ಲಾಡಿ ಪೋಣಿಸಿದಳು.

ಗಾಲಿಯನ್ನು ಬಿಗಿಯುವುದು ನಡುವೆ ಒಂದೇ ನಟ್ಟು, ಮೊಲದಂತೆ ಎರಡು ಕಿವಿ ಇದ್ದದ್ದು. ಕಿವಿಗೆ ಕಟ್ಟಿಗೆಯ ಕೊಡತಿಯಿಂದ ಹೊಡೆದು ಬಿಗಿಯಬೇಕು. ನಿವೃತ್ತ ಬಸ್ ಡ್ರೈವರ್ ಯರ್ರೆಪ್ಪ ಕೊಡತಿ ಹಿಡಿದು ಒಂದು ಕಡೆ ಹೊಡೆದರೆ ಬಿಗಿಯಾಗದು, ಇನ್ನೊಂದು ಕಡೆ ಹೊಡೆದರೆ ಆಗುತ್ತದೆ. ಇಂಗ್ಲಿಷರು ಹೋಗುವಾಗ ಸಿಟ್ಟಿನಲ್ಲಿ ಮಾಡಿಟ್ಟು ಹೋದ ನಟ್ಟು ಎಂದು ಅವನು ತೀರ್ಪು ಕೊಟ್ಟ. ದಾರಿಗೆ ಬೇಕಾದೀತೆಂದು ಕೊಡತಿಯೊಂದಿಗೆ ತಾನೂ ಹಿಂದಿನ ಸೀಟಿನಲ್ಲಿ ಕೂತ.

ಮೊದಲ ಮೈಲಿಗಲ್ಲಿನ ಹತ್ತಿರ ಗಾಲಿಗಳು ಕಟಕಟ ಎಂದವು. ಇಳಿದು ನೋಡಿದರೆ ನಾಲ್ಕೂ ನಟ್ಟು ಸಡಿಲ. ಯರ್ರೆಪ್ಪ ಬಡಿದ. ಎರಡನೆಯ ಕಲ್ಲಿನಲ್ಲೂ ಬಡಿದ.

“ನಂಗ ತಿಳೀವಲ್ದು,” ಎಂದರು ಮಾಸ್ತರು ಬೆವರೊರೆಸಿಕೊಂಡು. “ಎಡದ ನಟ್ಟು ಒಂದ್ ಕಡಿ ತಿರುಗತೈತಿ, ಬಲದ್ದು ಇನ್ನೊಂದ್ ಕಡಿ. ಕಾರು ಓಡಿದಂಗ ತಾನೇ ಬಿಗಿ ಆಗ್ಬೇಕು. ಅದಕ್ಕಂತನ ರಾತ್ರೀನ ಹಬ್ ಬ್ಯಾರೆ ಬ್ಯಾರೆ ತಟ್ಟಿನ್ಯಾಗ ಇಟ್ಟಿದ್ನಿ.”

ತಟ್ಟು, ಕಟ್ಟೆ, ರಂಗೋಲಿ ಎಲ್ಲ ಜಂಬಮ್ಮನ ಕಣ್ಣ ಮುಂದೆ ಬಂದು, ಎಡ ಬಲವಾಗಿ, ಬಲ ಎಡವಾಗಿ ತಿರುಗಿ ನಿಂತವು. ಹೇಳಿದರೆ ಕಾರು ಅಲ್ಲಿಂದಲೇ ವಾಪಸು, ಎಂಟು ದಿನವೂ ವಾಪಸು. ಅವಳು ಗುಡ್ಡದ ಕಡೆ ನೋಡುತ್ತ ಕೂತಳು.

ಸೇತುವೆಯ ಮೇಲೆ ಎದುರಿಗೆ ಹುಲ್ಲಿನ ಬಂಡಿ ಬಂದು, ಕಾರನ್ನು ಅಷ್ಟು ದೂರ ಹಿಂದಕ್ಕೆ ಬಿಡಬೇಕಾಯಿತು. ಬಂಡಿ ದಾಟಿದ ಮೇಲೆ ಯರ್ರೆಪ್ಪ ನಟ್ಟು ಮುಟ್ಟಿ ನೋಡಿದ. ಗಟ್ಟಿಯಾಗಿ ಕೂತಿತ್ತು. ಮುಂದಕ್ಕೆ ಬಿಟ್ಟರೆ ಮತ್ತೆ ಸಡಿಲ. ಮತ್ತೊಮ್ಮೆ ಬಡಿದಾಗ ಕೊಡತಿ ಎರಡು ಹೋಳಾಯಿತು.

“ಮಾಸ್ತರ್ರೆ, ಈ ಗಾಲಿ ಹಿಂದಕ್ಕ ಹೋಗಾಕ ಹುಟ್ಟ್ಯಾವ,” ಎಂದ ಅವನು. “ಇನ್ನ ಎರಡು ಮೈಲಿ ಐತಿ. ರಿವರ್ಸ್ ಹಾಕ್ರಿ.”

ಹೀಗೆ ಜಂಬಮ್ಮ ತವರಿಗೆ ಬೆನ್ನು ಮಾಡಿಕೊಂಡು ತವರಿಗೆ ಹೊರಟಳು. ಹೊಲದಲ್ಲಿದ್ದವರು ಎದ್ದು ನಿಂತರು. ಮಾಸ್ತರು ಕತ್ತು ಹಿಂದಕ್ಕೆ ತಿರುಗಿಸಿ, ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಎತ್ತು, ಎಮ್ಮೆ, ಹಳ್ಳ, ದಿನ್ನೆ ಎಲ್ಲವನ್ನೂ ತಪ್ಪಿಸಿ, ಅಣ್ಣನ ಮನೆಯ ಚಪ್ಪರದ ಮುಂದೆ ಕಾರು ನಿಲ್ಲಿಸಿದರು. ಗಾಲಿಗಳು ನಿಜವಾಗಿಯೂ ಹೊಳೆಯುತ್ತಿದ್ದವು. ಯಾರೂ ಅವನ್ನು ನೋಡಲಿಲ್ಲ. ಎಲ್ಲರೂ ನೋಡಿದ್ದು ಕಾರಿನ ಮೂತಿ ಎತ್ತ ಇದೆ ಎಂಬುದನ್ನು.

ಆ ಮನೆಯಲ್ಲಿ ಬಂಡಿಯ ಕಾಲದಿಂದಲೂ ಒಂದು ನಂಬಿಕೆ. ಉಳಿಯಲು ಬಂದವರ ಬಂಡಿ ಮನೆಗೆ ಮುಖ ಮಾಡಿ ನಿಲ್ಲುತ್ತದೆ; ಬಂದ ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿದವರು ಹೊರಡಲು ಬಂದವರು. ಕಾಲಿಗೆ ನೀರು ತಂದ ಸುಂಕಮ್ಮನ ಮುಖ ಸಣ್ಣದಾಯಿತು.

“ಎಂಟು ದಿನ ಇರ್ತಾಳ ಅಂತ ನಿಮ್ಮಣ್ಣ ಹೇಳಿದ್ರು, ಹಾಸಿಗಿ ಬಿಸಲಿಗಿ ಹಾಕಿದ್ನಿ,” ಎಂದಳು. “ನೀ ನೋಡಿದ್ರ ಬರೂವಾಗ ಹೋಗೂ ಕಡಿ ಮಕ ಮಾಡ್ಕಂಡೇ ಬಂದಿ. ಕಾರು ಬಂದ ಮ್ಯಾಲೆ ನಮ್ಮ ಮನಿ ಬ್ಯಾಸರ ಆತೇನವಾ?”

ಚಪ್ಪರದ ತುಂಬ ಜನ. ಒಂದು ಕಂಬಕ್ಕೊರಗಿ ಟ್ರ್ಯಾಕ್ಟರಿನ ತಮ್ಮ. ಈ ಕಾರು ಮುಂದಕ್ಕೆ ಹೋಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಎಂಟು ದಿನ ಉಳಿಯುತ್ತಿತ್ತು, ಮಾನ ಹೋಗುತ್ತಿತ್ತು. ಜಂಬಮ್ಮ ಮಾನವನ್ನೇ ಉಳಿಸಿಕೊಂಡಳು.

“ಹಂಗೇನಿಲ್ಲ ಅತ್ತಿಗಿ. ಇವರಿಗೆ ನಾಳಿ ಸಾಲಿ ಐತಿ. ಉಂಡು ಹೊಂಟುಬಿಡ್ತೀವಿ.”

ಸುಂಕಮ್ಮ ಬಿಸಿಲಿಗೆ ಹಾಕಿದ ಹಾಸಿಗೆ ಮಡಚಿಟ್ಟಳು. ಮಗುವಿನ ತಲೆಗೂದಲು ತೆಗೆಯುವ ಹೊತ್ತಿಗೆ ಇತ್ತ ನಾದಿನಿಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ತಟ್ಟೆಯಲ್ಲಿ ಸಿದ್ಧವಾದವು.

ಉಡಿ ತುಂಬಿಸಿಕೊಂಡು ಹೊರಗೆ ಬಂದರೆ ಮಾಸ್ತರು ಕಾರಿನ ಪಕ್ಕ ನಿಂತು ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು. ಕರೆದರೂ ತಿರುಗಲಿಲ್ಲ. ಎರಡು ಮೈಲಿ ಹಿಂದಕ್ಕೆ ತಿರುಗಿದ್ದ ಕತ್ತು ಅಲ್ಲೇ ಹಿಡಿದುಕೊಂಡಿತ್ತು. ಎಣ್ಣೆ ತಿಕ್ಕಿದರು, ಉಪ್ಪಿನ ಶಾಖ ಕೊಟ್ಟರು. ನಟ್ಟು ಸಡಿಲಾದಷ್ಟು ಸಲೀಸಾಗಿ ಕತ್ತು ಸಡಿಲಾಗಲಿಲ್ಲ. ಯರ್ರೆಪ್ಪನೋ, ಕನ್ನಡಕ ಇಲ್ಲದೆ ತನಗೆ ರಸ್ತೆಯೇ ಕಾಣದು ಎಂದು ಆಗ ಬಾಯಿಬಿಟ್ಟ.

“ಕಾರು ಇಲ್ಲೇ ಇರ್ಲಿ ಬಿಡ್ರಿ,” ಎಂದ ಅಣ್ಣ. “ಎಂಟು ದಿನ ಆದ್ರೂ ಇರ್ಲಿ. ನಾವೇನು ಬ್ಯಾರೆಯವರಾ?”

ತಾನಾದರೂ ಉಳಿಯುತ್ತೇನೆ ಎನ್ನಲು ಜಂಬಮ್ಮ ಬಾಯಿ ತೆರೆದಳು. ಉಡಿಯ ಗಂಟು ಸೊಂಟದಲ್ಲಿ ಭಾರವಾಗಿ ಕೂತಿತ್ತು. ಉಡಿ ತುಂಬಿದ ಮೇಲೆ ಮಗಳು ಹೊಸ್ತಿಲೊಳಗೆ ಮತ್ತೆ ಕಾಲಿಡುವಂತಿಲ್ಲ. ತವರಿನಲ್ಲಿ ಎಂಟು ದಿನ ಉಳಿಯುವ ಭಾಗ್ಯ ಕಾರಿಗೆ ಸಿಕ್ಕಿತು. ಟ್ರ್ಯಾಕ್ಟರಿನ ತಮ್ಮ ಅದರ ಮೇಲೆ ತಾಡಪಾಲು ಹೊದಿಸುತ್ತಿದ್ದ.

ಸಂಜೆಯ ಬಸ್ಸಿನಲ್ಲಿ ಯರ್ರೆಪ್ಪ ಮುಂದೆ ಹೋಗಿ ಡ್ರೈವರನಿಗೆ ಗೇರು ಹಾಕುವುದನ್ನು ಕಲಿಸತೊಡಗಿದ. ಮಾಸ್ತರು ಹೆಂಡತಿಗೆ ಬೆನ್ನಾಗಿ, ಕಿಟಕಿಯ ಕಡೆ ಮುಖವಾಗಿ ಕೂತಿದ್ದರು.

“ಎಲ್ಲಿ ತಪ್ಪಾತು ಅಂತ ತಿಳೀವಲ್ದು ನೋಡು,” ಎಂದರು ಕಿಟಕಿಗೆ. “ತಿಳಿಯೂ ಮಟ ಕಾರು ಅಲ್ಲೇ ನಿಲ್ತೈತಿ. ನಂಗ ಈ ಕುತಿಗಿ, ಮ್ಯಾಲೆ ಪರೀಕ್ಷಿ. ಐತ್ವಾರಕ್ಕೊಮ್ಮೆ ಯಾರರ ಹೋಗಿ ಹೆಂಗೈತಿ ಅಂತ ನೋಡ್ಕಂಡು ಬರ್ಬೇಕು.”

ಬೆಳಗಿನಿಂದ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಜಂಬಮ್ಮ ಆಗ ಹೇಳಿಯೇಬಿಡುವವಳಿದ್ದಳು. ನಿಲ್ಲಿಸಿದಳು. ತಿಂಗಳಿಗೆ ನಾಲ್ಕು ಐತ್ವಾರ. ಪರೀಕ್ಷೆ ಮುಗಿಯಲು ಎರಡು ತಿಂಗಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಸುತ್ತಿದ್ದನ್ನು ಬಿಚ್ಚುತ್ತ, ಆ ಹಬ್‌ಗಳ ಸುದ್ದಿ ಪರೀಕ್ಷೆ ಮುಗಿಯುವವರೆಗೆ ತನ್ನ ಹೊಟ್ಟೆಯಲ್ಲೇ ಇರಲಿ ಎಂದುಕೊಂಡಳು.

“ನಾನ ಹೋಗಿ ಬರ್ತೀನಿ ಬಿಡ್ರಿ,” ಎಂದಷ್ಟೇ ಹೇಳಿದಳು.